ಒಣಗಿಸುವ ಮನೆಯ ಶೀಟಿಗೆ ವಾರಂಟಿ: ಕೊಳ್ಳುವ ಮೊದಲೇ ಓದಬೇಕಾದ ಕರಾರು

ಅಡಿಕೆ ಗೊನೆ ಇಳಿಸಿ, ಕಾಫಿ ಹಣ್ಣು ಕುಯ್ದು ಅಂಗಳಕ್ಕೆ ತಂದ ಮೇಲೆ ಬೆಳೆಗಾರರ ಕಣ್ಣು ಆಕಾಶದ ಕಡೆಗೇ ಇರುತ್ತದೆ. ಚಾಲಿ ಅಡಿಕೆ ಸರಿಯಾಗಿ ಒಣಗಲು ಸುಮಾರು 40 ದಿನಗಳ ಬಿಸಿಲು ಬೇಕು. ಕಾಫಿ ಹಣ್ಣಿಗೆ ಒಳ್ಳೆಯ ಬಿಸಿಲಿದ್ದರೂ ಎರಡು ವಾರದಷ್ಟು ಕಾಲ ಬೇಕು. ಈ ನಡುವೆ ಒಂದು ರಾತ್ರಿಯ ಅಕಾಲ ಮಳೆ ಬಿದ್ದರೆ ವರ್ಷದ ದುಡಿಮೆಗೆ ಬೂಸಲು ಹಿಡಿಯುತ್ತದೆ. ಆದ್ದರಿಂದಲೇ ನಮ್ಮ ಸದಸ್ಯರಲ್ಲಿ ಅನೇಕರು ಅಂಗಳಕ್ಕೆ ಪಾಲಿಥೀನ್ ಶೀಟಿನ ಸೋಲಾರ್ ಮನೆ ಕಟ್ಟಿಕೊಂಡಿದ್ದಾರೆ. ಉಳಿದವರು ದೊಡ್ಡ ಟಾರ್ಪಾಲುಗಳನ್ನು ಇಟ್ಟುಕೊಂಡಿದ್ದಾರೆ.

ಈ ಶೀಟು ಕೊಳ್ಳುವಾಗ ಅಂಗಡಿಯವರು ಮೊದಲು ಹೇಳುವ ಮಾತು "ಮೂರು ವರ್ಷ ವಾರಂಟಿ ಇದೆ" ಎಂಬುದು. ಎರಡನೆಯ ವರ್ಷ ಶೀಟು ಹರಿದು ಅದೇ ಅಂಗಡಿಗೆ ಹೋದರೆ ಕೇಳಿಬರುವ ಮಾತು "ಇದಕ್ಕೆ ವಾರಂಟಿ ಅನ್ವಯಿಸುವುದಿಲ್ಲ" ಎಂಬುದು. ಎಷ್ಟೋ ಸಲ ಈ ಎರಡು ಮಾತುಗಳೂ ಕಾರ್ಡಿನಲ್ಲಿ ಅಚ್ಚಾಗಿಯೇ ಇರುತ್ತವೆ. ಮೊದಲನೆಯದು ದಪ್ಪ ಅಕ್ಷರದಲ್ಲಿ, ಎರಡನೆಯದು ಹಿಂಬದಿಯ ಸಣ್ಣ ಅಕ್ಷರದಲ್ಲಿ. ವಾರಂಟಿ ಎಂಬುದು ಷರತ್ತುಗಳುಳ್ಳ ಒಂದು ಕರಾರು. ಅದರ ಬೆಲೆ ನಿರ್ಧಾರವಾಗುವುದು ಶೀಟು ಕೊಂಡ ದಿನ ಮತ್ತು ಅದನ್ನು ಹೊದಿಸಿದ ದಿನ. ಹರಿದ ದಿನ ಕಾರ್ಡು ಹುಡುಕಿದರೆ ಹೆಚ್ಚಿನ ಪ್ರಯೋಜನವಿಲ್ಲ. ಈ ಪಾಠದಲ್ಲಿ ಆ ಕರಾರನ್ನು ಓದುವ ಕ್ರಮವನ್ನು ತಿಳಿಸಲಿದ್ದೇವೆ.

1. ವಾರಂಟಿ ಎಂದರೇನು?

ನಮ್ಮ ದೇಶದಲ್ಲಿ ಮಾಲು ಮಾರಾಟಕ್ಕೆ ಸಂಬಂಧಿಸಿದ ಮೂಲ ಕಾಯಿದೆ 1930ರ ಸರಕು ಮಾರಾಟ ಅಧಿನಿಯಮ. ಇದರಂತೆ ಮಾರಾಟದ ಕರಾರಿನಲ್ಲಿ ಎರಡು ಬಗೆಯ ಮಾತುಗಳಿರುತ್ತವೆ. ವ್ಯವಹಾರದ ಮುಖ್ಯ ಉದ್ದೇಶಕ್ಕೇ ಸೇರಿದ ಮಾತು ಷರತ್ತು. ಅದು ಮುರಿದರೆ ಕೊಂಡವರು ಕರಾರನ್ನೇ ರದ್ದಾಯಿತೆಂದು ಎಣಿಸಬಹುದು. ಮುಖ್ಯ ಉದ್ದೇಶಕ್ಕೆ ಪೂರಕವಾದ ಮಾತು ವಾರಂಟಿ. ಅದು ಮುರಿದರೆ ನಷ್ಟ ಪರಿಹಾರ ಕೇಳಬಹುದೇ ಹೊರತು ಮಾಲನ್ನು ತಿರಸ್ಕರಿಸುವ ಹಕ್ಕು ಬರುವುದಿಲ್ಲ.

ಪೇಟೆಯಲ್ಲಿ ಗ್ಯಾರಂಟಿ, ವಾರಂಟಿ ಎಂಬ ಎರಡು ಪದಗಳನ್ನೂ ಬಳಸುತ್ತಾರೆ. ಗ್ಯಾರಂಟಿ ಎಂದರೆ ಬದಲಿ ಮಾಲು, ವಾರಂಟಿ ಎಂದರೆ ರಿಪೇರಿ ಎಂಬ ನಂಬಿಕೆ ನಮ್ಮಲ್ಲಿದೆ. ಈ ನಂಬಿಕೆಯ ಮೇಲೆ ಭರವಸೆ ಇಡಬಾರದು. ಕಾರ್ಡಿನ ಮೇಲಿನ ಪದ ಯಾವುದೇ ಇರಲಿ, ಏನು ಕೊಡುತ್ತೇವೆಂದು ಕೆಳಗೆ ಬರೆದಿದ್ದಾರೋ ಅದೇ ನಿಮಗೆ ಸಿಗುವುದು.

2. ಕಾರ್ಡಿನಲ್ಲಿ ಹುಡುಕಬೇಕಾದ ಆರು ಉತ್ತರಗಳು

(ಅ) ಕೊಡುವವರು ಯಾರು? ತಯಾರಕರೋ, ಅಂಗಡಿಯವರೋ? ಅಂಗಡಿಯವರು ಬಾಯಿಮಾತಿನಲ್ಲಿ ಹೇಳಿದ ಅವಧಿ ಕಾರ್ಡಿನಲ್ಲಿ ಇಲ್ಲದಿದ್ದರೆ ಅದನ್ನು ಬಿಲ್ಲಿನ ಮೇಲೆಯೇ ಬರೆಯಿಸಿ ಸಹಿ ಪಡೆಯಬೇಕು.

(ಆ) ಯಾವ ದೋಷಕ್ಕೆ? ಸಾಮಾನ್ಯವಾಗಿ ಇದು ತಯಾರಿಕೆಯ ದೋಷಕ್ಕೆ ಮಾತ್ರ. ಶೀಟು ಅವಧಿಗೆ ಮೊದಲೇ ಬಿಸಿಲಿಗೆ ಹಪ್ಪಳದಂತೆ ಪುಡಿಯಾಗುವುದು, ಬೆಸುಗೆ ಬಿಡುವುದು ಈ ಗುಂಪಿಗೆ ಸೇರುತ್ತವೆ. ಬಣ್ಣ ಮಾಸುವುದು, ಧೂಳು ಕೂತು ಮಸುಕಾಗುವುದು, ಗಾಳಿಗೆ ಹರಿಯುವುದು, ಮರದ ಕೊಂಬೆ ಬೀಳುವುದು, ಆಲಿಕಲ್ಲು, ಇಲಿ, ಮಂಗ, ಬೆಂಕಿ ಇವು ಸಾಮಾನ್ಯವಾಗಿ ಹೊರಗೆ ಉಳಿಯುತ್ತವೆ.

(ಇ) ಎಂದಿನಿಂದ ಎಷ್ಟು ಕಾಲ? ಬಿಲ್ಲಿನ ದಿನದಿಂದಲೋ, ತಯಾರಾದ ದಿನದಿಂದಲೋ? ಗೋದಾಮಿನಲ್ಲಿ ಒಂದು ವರ್ಷ ಕೂತ ಮಾಲಾದರೆ ಎರಡನೆಯ ಬಗೆಯ ಲೆಕ್ಕದಲ್ಲಿ ನಿಮ್ಮ ಒಂದು ವರ್ಷ ಆಗಲೇ ಕಳೆದಿರುತ್ತದೆ. ಇನ್ನೊಂದು ಮಾತು. ನಾವು ಶೀಟನ್ನು ವರ್ಷದಲ್ಲಿ ಆರೇಳು ತಿಂಗಳು ಮಾತ್ರ ಹೊದಿಸಿ ಮಳೆಗಾಲಕ್ಕೆ ಬಿಚ್ಚಿ ಅಟ್ಟಕ್ಕೆ ಹಾಕುತ್ತೇವೆ. ವಾರಂಟಿಯ ತಿಂಗಳುಗಳು ಅಟ್ಟದಲ್ಲಿಯೂ ಓಡುತ್ತಲೇ ಇರುತ್ತವೆ. ಬೆಲೆ ಅಗ್ಗವೆಂದು ಜೂನ್ ತಿಂಗಳಲ್ಲಿ ಕೊಂಡಿಟ್ಟು ನವೆಂಬರಿನಲ್ಲಿ ಹೊದಿಸಿದರೆ ಐದು ತಿಂಗಳು ಸುಮ್ಮನೆ ಹೋದ ಹಾಗೆ.

(ಈ) ಏನು ಕೊಡುತ್ತಾರೆ? ಹೊಸ ಶೀಟೋ, ಹಣವೋ, ಮುಂದಿನ ಖರೀದಿಗೆ ರಿಯಾಯತಿಯೋ? ಸಾಗಾಣಿಕೆ, ಬಿಚ್ಚಿ ಹೊದಿಸುವ ಕೂಲಿ ಯಾರದು? ಬದಲಿ ಶೀಟಿಗೆ ಹೊಸ ಅವಧಿಯೋ, ಹಳೆಯದರಲ್ಲಿ ಉಳಿದ ಅವಧಿ ಮಾತ್ರವೋ?

(ಉ) ಹೊದಿಸುವ ಕ್ರಮದ ಷರತ್ತುಗಳೇನು? ಇವನ್ನು 4ನೆಯ ಭಾಗದಲ್ಲಿ ವಿವರಿಸಿದ್ದೇವೆ.

(ಊ) ದೂರನ್ನು ಎಷ್ಟು ದಿನದೊಳಗೆ, ಯಾವ ರೂಪದಲ್ಲಿ ಕೊಡಬೇಕು? ದೋಷ ಕಂಡ ಇಂತಿಷ್ಟು ದಿನದೊಳಗೆ ಬರಹದಲ್ಲಿ ತಿಳಿಸಬೇಕೆಂದು ಕೆಲವು ಕಾರ್ಡುಗಳಲ್ಲಿರುತ್ತದೆ.

3. ಮೂರು ವರ್ಷ ಎಂದರೆ ಮೂರು ವರ್ಷವಲ್ಲ: ಒಂದು ಲೆಕ್ಕ

ಹೊದಿಕೆ ಶೀಟುಗಳ ವಾರಂಟಿಯಲ್ಲಿ ಬಹಳ ಮಂದಿಗೆ ತಿಳಿಯದೆ ಹೋಗುವುದು ಕಾಲಾನುಪಾತದ ಕಡಿತ. ಅಂದರೆ ನೀವು ಶೀಟನ್ನು ಬಳಸಿದ ತಿಂಗಳುಗಳ ಬೆಲೆಯನ್ನು ಕಳೆದು, ಉಳಿದ ತಿಂಗಳುಗಳ ಬೆಲೆಯನ್ನು ಮಾತ್ರ ಕೊಡುತ್ತಾರೆ. ಕೆಳಗಿನ ಅಂಕಿಗಳನ್ನು ಲೆಕ್ಕ ಕಲಿಯುವುದಕ್ಕಾಗಿ ಇಟ್ಟುಕೊಂಡಿದ್ದೇವೆ. ಇವು ಪೇಟೆ ಧಾರಣೆಯಲ್ಲ.

ಶೀಟಿನ ಬೆಲೆ 12,000 ರೂಪಾಯಿ, ವಾರಂಟಿ 36 ತಿಂಗಳು, ಕಾಲಾನುಪಾತ ಎಂದಿಟ್ಟುಕೊಳ್ಳೋಣ. 20 ತಿಂಗಳಿಗೆ ಶೀಟು ದೋಷದಿಂದ ಹಾಳಾಯಿತು. ಉಳಿದದ್ದು 16 ತಿಂಗಳು. 12,000ವನ್ನು 16ರಿಂದ ಗುಣಿಸಿ 36ರಿಂದ ಭಾಗಿಸಿದರೆ 5,333 ರೂಪಾಯಿ. ಆ ಹೊತ್ತಿಗೆ ಹೊಸ ಶೀಟಿನ ಬೆಲೆ 14,000 ಆಗಿದ್ದರೆ ನಿಮ್ಮ ಕೈಯಿಂದ ಹೋಗುವುದು 8,667 ರೂಪಾಯಿ. ಇದರ ಮೇಲೆ ಸಾಗಾಣಿಕೆ ಮತ್ತು ಕೂಲಿ. 30 ತಿಂಗಳಿಗೆ ಹಾಳಾದರೆ ಸಿಗುವುದು 2,000 ರೂಪಾಯಿ ಮಾತ್ರ.

ಈಗ ಇನ್ನೊಂದು ಅಂಗಡಿಯಲ್ಲಿ 12,500 ರೂಪಾಯಿಯ ಶೀಟಿಗೆ 24 ತಿಂಗಳು ಪೂರ್ಣ ಬದಲಿ ವಾರಂಟಿ ಇದೆಯೆನ್ನಿ. ಮೇಲ್ನೋಟಕ್ಕೆ ಇದು ಬೆಲೆಯಲ್ಲಿ ಹೆಚ್ಚು, ಅವಧಿಯಲ್ಲಿ ಕಡಿಮೆ. ಆದರೆ 20 ತಿಂಗಳಿಗೆ ಶೀಟು ಹಾಳಾದರೆ ಇಲ್ಲಿ ಪೂರ್ತಿ ಶೀಟು ಸಿಗುತ್ತದೆ. 30 ತಿಂಗಳಿಗೆ ಹಾಳಾದರೆ ಏನೂ ಸಿಗುವುದಿಲ್ಲ; ಮೊದಲನೆಯದರಲ್ಲಾದರೋ 2,000 ರೂಪಾಯಿ ಸಿಗುತ್ತಿತ್ತು. ಹೀಗೆ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿದರೆ ಯಾವುದು ಲಾಭವೆಂಬುದು ತಾನಾಗಿ ತಿಳಿಯುತ್ತದೆ. ವರ್ಷಗಳ ಸಂಖ್ಯೆಯನ್ನು ಮಾತ್ರ ನೋಡಿ ಕೊಳ್ಳುವುದು ಜಾಣತನವಲ್ಲ.

4. ಹರಿದ ಜಾಗವೇ ಸಾಕ್ಷಿ ಹೇಳುತ್ತದೆ

ಪಾಲಿಥೀನನ್ನು ಹಾಳುಮಾಡುವ ಮುಖ್ಯ ವೈರಿ ಬಿಸಿಲಿನಲ್ಲಿರುವ ನೇರಳಾತೀತ ಕಿರಣ. ಇದನ್ನು ತಡೆಯುವ ರಾಸಾಯನಿಕವನ್ನು ತಯಾರಿಸುವಾಗಲೇ ಬೆರೆಸಿದ ಶೀಟಿಗೆ ಯು.ವಿ. ಶೀಟು ಎನ್ನುತ್ತಾರೆ. ಬೆರೆಸದ ಸಾದಾ ಶೀಟು ಒಂದೆರಡು ಬೇಸಿಗೆಗೇ ಪುಡಿಯಾಗುತ್ತದೆ. ಯು.ವಿ. ಶೀಟಿನಲ್ಲಿಯೂ ಆ ತಡೆಗುಣವನ್ನು ಬೇಗ ಕೊಲ್ಲುವ ಕೆಲವು ಸಂಗತಿಗಳಿವೆ. ತಯಾರಕರ ಪರಿಶೀಲಕರು ಬಂದಾಗ ಮೊದಲು ಹುಡುಕುವುದು ಇವನ್ನೇ.

ಕಾದ ಪೈಪು: ಬಿಸಿಲಿಗೆ ಕಬ್ಬಿಣದ ಪೈಪು ಕಾದು, ಅದಕ್ಕೆ ಅಂಟಿದ ಜಾಗದಲ್ಲಿ ಶೀಟು ಬೇಗ ಬಿರಿಯುತ್ತದೆ. ಪೈಪಿನ ಗೆರೆಯುದ್ದಕ್ಕೂ ನೇರವಾಗಿ ಬಿರಿದಿದ್ದರೆ ಹೊದಿಸಿದ ಕ್ರಮದ ತಪ್ಪು ಎನ್ನುತ್ತಾರೆ. ಶೀಟು ತಾಗುವ ಕಡೆ ಪೈಪಿಗೆ ಬಿಳಿ ಬಣ್ಣ ಹಚ್ಚುವುದು ಅಥವಾ ಬಿಳಿ ಪಟ್ಟಿ ಸುತ್ತುವುದು ಇದಕ್ಕೆ ಪರಿಹಾರ.

ಮೊಳೆ ಮತ್ತು ದಬ್ಬೆ: ಅಡಿಕೆ ದಬ್ಬೆಯ ಮಾಡಿನ ಮೇಲೆ ಶೀಟು ಹಾಸಿ ಮೊಳೆ ಹೊಡೆಯುವುದು ನಮ್ಮಲ್ಲಿ ರೂಢಿ. ಗಾಳಿ ಬಂದಾಗ ಹರಿತ ಶುರುವಾಗುವುದು ಮೊಳೆಯ ತೂತಿನಿಂದ. ದಬ್ಬೆಯ ಸಿಬಿರು ಚುಚ್ಚಿದ್ದೂ ಹೀಗೆಯೇ ಕಾಣುತ್ತದೆ. ದಬ್ಬೆಯನ್ನು ಚೆನ್ನಾಗಿ ಕೆತ್ತಿ ನಯಮಾಡಿ, ಮೊಳೆಯ ಬದಲು ಅಲ್ಯೂಮಿನಿಯಂ ಪಟ್ಟಿ ಮತ್ತು ಸ್ಪ್ರಿಂಗ್ ತಂತಿಯಿಂದ ಹಿಡಿಸಿದರೆ ಶೀಟೂ ಬಾಳುತ್ತದೆ, ಆಕ್ಷೇಪಣೆಗೂ ಎಡೆಯಿರುವುದಿಲ್ಲ.

ಗಂಧಕ ಮತ್ತು ಔಷಧ: ಗಂಧಕ ಮತ್ತು ಕ್ಲೋರಿನ್ ಇರುವ ಔಷಧಗಳು ಶೀಟಿನ ತಡೆಗುಣವನ್ನು ಕುಗ್ಗಿಸುತ್ತವೆ. ಒಣಗಿಸುವ ಮನೆಯೊಳಗೆ ಗಂಧಕದ ಹೊಗೆ ಹಾಕುವುದು, ಗಂಧಕದ ಪುಡಿಯ ಮೂಟೆ ಇಡುವುದು, ಸಿಂಪರಣೆಯ ಡ್ರಮ್ಮು ಮತ್ತು ಪಂಪನ್ನು ಅಲ್ಲಿಯೇ ತೊಳೆಯುವುದು ಬೇಡ. ತೋಟಕ್ಕೆ ಸಿಂಪಡಿಸುವಾಗ ಔಷಧದ ಹನಿ ಶೀಟಿಗೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಬೇಕು.

ತಿರುಗುಮುರುಗು ಹೊದಿಕೆ: ಕೆಲವು ಶೀಟುಗಳಿಗೆ ಒಳಮೈ, ಹೊರಮೈ ಎಂಬ ಭೇದವಿದೆ, ಯಾವುದು ಮೇಲೆ ಬರಬೇಕೆಂದು ಅಂಚಿನಲ್ಲಿ ಅಚ್ಚು ಹಾಕಿರುತ್ತಾರೆ. ತಿರುಗಿಸಿ ಹೊದಿಸಿದರೆ ವಾರಂಟಿ ಹೋಯಿತೆಂದೇ ತಿಳಿಯಬೇಕು.

ಸಡಿಲ ಹೊದಿಕೆ: ಗಾಳಿಗೆ ಪಟಪಟನೆ ಬಡಿದುಕೊಳ್ಳುವ ಶೀಟು ಬಾಳುವುದಿಲ್ಲ. ಗಾಳಿಯಿಲ್ಲದ, ತೀರ ಬಿಸಿಯೂ ತೀರ ತಂಪೂ ಅಲ್ಲದ ಹೊತ್ತಿನಲ್ಲಿ ಸಮನಾಗಿ ಎಳೆದು ಕಟ್ಟಬೇಕು.

ಇವು ಯಾವುವೂ ಇಲ್ಲದೆ, ಪೈಪು ತಾಗದ ಜಾಗದಲ್ಲಿಯೂ ಮಾಡಿನ ಬಿಸಿಲು ಬೀಳುವ ಭಾಗವೆಲ್ಲ ಒಂದೇ ಸಮನೆ ಗಡಸಾಗಿ, ಬೆರಳಲ್ಲಿ ಮಡಿಸಿದರೆ ಮುರಿಯುವಂತಾಗಿದ್ದರೆ, ಅದು ಶೀಟಿನದೇ ದೋಷವೆಂದು ವಾದಿಸಲು ನಿಮಗೆ ಬಲವಾದ ಆಧಾರವಿದೆ.

5. ಕೊಳ್ಳುವ ದಿನ ತಕ್ಕಡಿಯನ್ನು ಬಳಸಿ

ಶೀಟಿನ ದಪ್ಪವನ್ನು ಮೈಕ್ರಾನಿನಲ್ಲಿ ಹೇಳುತ್ತಾರೆ. 200 ಮೈಕ್ರಾನ್ ಎಂದರೆ ಮಿಲಿಮೀಟರಿನ ಐದನೆಯ ಒಂದು ಭಾಗ. ಹಳೆಯ ಗೇಜು ಲೆಕ್ಕದಲ್ಲಿ ಇದು ಸುಮಾರು 800 ಗೇಜು. ಕಣ್ಣಿನಿಂದ 150 ಮೈಕ್ರಾನಿಗೂ 200 ಮೈಕ್ರಾನಿಗೂ ಭೇದ ಹೇಳುವುದು ಕಷ್ಟ. ತಕ್ಕಡಿಗೆ ಅದು ಸುಲಭ. 200 ಮೈಕ್ರಾನಿನ ಪಾಲಿಥೀನ್ ಶೀಟು ಚದರ ಮೀಟರಿಗೆ ಸುಮಾರು 184 ಗ್ರಾಂ ತೂಗುತ್ತದೆ. 10 ಮೀಟರ್ ಅಗಲ, 20 ಮೀಟರ್ ಉದ್ದದ ಶೀಟು 200 ಚದರ ಮೀಟರ್; ತೂಕ 37 ಕಿಲೋದ ಆಸುಪಾಸು ಇರಬೇಕು. 28 ಕಿಲೋ ಮಾತ್ರ ತೂಗಿದರೆ ಅದು 150 ಮೈಕ್ರಾನಿನ ಶೀಟು.

ಟಾರ್ಪಾಲಿನಲ್ಲಿ ಜಿ.ಎಸ್.ಎಂ. ಎಂದು ಬರೆದಿರುತ್ತಾರೆ. ಇದು ಒಂದು ಚದರ ಮೀಟರಿನ ಗ್ರಾಂ ತೂಕವೇ. 6 ಮೀಟರಿಗೆ 9 ಮೀಟರ್, 200 ಜಿ.ಎಸ್.ಎಂ. ಟಾರ್ಪಾಲು ಹತ್ತಿರ ಹತ್ತಿರ 10.8 ಕಿಲೋ ಇರಬೇಕು. ನೇಯ್ದ ಎಚ್.ಡಿ.ಪಿ.ಇ. ಟಾರ್ಪಾಲಿಗೆ ಭಾರತೀಯ ಮಾನಕ ಐ.ಎಸ್. 7903 ಇದೆ, ಐ.ಎಸ್.ಐ. ಗುರುತು ಇದೆಯೇ ನೋಡಿಕೊಳ್ಳಿ.

ಅಂದೇ ಮಾಡಬೇಕಾದ ಇನ್ನಷ್ಟು ಕೆಲಸಗಳಿವೆ. ಜಿ.ಎಸ್.ಟಿ. ಬಿಲ್ಲು ಕೇಳಿ ಪಡೆಯಿರಿ. ಅದರಲ್ಲಿ ನಿಮ್ಮ ಹೆಸರು, ತಯಾರಕರ ಹೆಸರು, ಮೈಕ್ರಾನ್, ಅಳತೆ, ಯು.ವಿ. ಎಂಬ ಮಾತು ಇರಲಿ. ವಾರಂಟಿ ಕಾರ್ಡಿಗೆ ಅಂಗಡಿಯ ಮೊಹರು ಮತ್ತು ತಾರೀಖು ಹಾಕಿಸಿ. ಶೀಟಿನ ಅಂಚಿನಲ್ಲಿರುವ ಅಚ್ಚನ್ನು ಕತ್ತರಿಸಿ ಎಸೆಯಬೇಡಿ. ಬ್ಯಾಚ್ ನಂಬರು ಅಲ್ಲಿಯೇ ಇರುವುದು. ಹೊದಿಸಿ ಉಳಿದ ಒಂದು ತುಂಡನ್ನು ಬಿಸಿಲು ತಾಗದಂತೆ ಪೆಟ್ಟಿಗೆಯಲ್ಲಿಡಿ. ಮುಂದೆ ಹೋಲಿಸಿ ನೋಡಲು ಅದು ಆಧಾರ. ಹೊದಿಸಿದ ದಿನ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದಿಡಿ. ಸಹಾಯಧನದ ಯೋಜನೆಯಲ್ಲಿ ಕೊಂಡದ್ದಾದರೆ ಮೂಲ ಬಿಲ್ಲು ಕಚೇರಿಗೆ ಹೋಗಬಹುದು. ಕೊಡುವ ಮೊದಲು ನಕಲು ತೆಗೆದಿಟ್ಟುಕೊಳ್ಳಿ.

6. ಕಾರ್ಡಿನ ಆಚೆಗೂ ಹಕ್ಕುಂಟು

"ವಾರಂಟಿ ಇಲ್ಲ" ಎಂದ ಕೂಡಲೇ ಎಲ್ಲವೂ ಮುಗಿಯಿತೆಂದು ಸುಮ್ಮನಾಗುವವರು ಬಹಳ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರ ಹೊಸ ಕಾಯಿದೆ 2020ರ ಜುಲೈ ತಿಂಗಳಲ್ಲಿ ಜಾರಿಗೆ ಬಂತು. ಇದರಂತೆ, ಸರಿಯಾದ ಪರೀಕ್ಷೆಯ ಆಧಾರವಿಲ್ಲದೆ ಮಾಲಿನ ಬಾಳಿಕೆಯ ಬಗ್ಗೆ ಗ್ಯಾರಂಟಿ ಅಥವಾ ವಾರಂಟಿ ಸಾರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ ಸಾಲಿಗೆ ಸೇರಿದೆ.

ಇಲ್ಲಿ ಬೆಳೆಗಾರರಿಗೆ ಎದುರಾಗುವ ಒಂದು ಆಕ್ಷೇಪಣೆ ಉಂಟು. "ನೀವು ಅಡಿಕೆ ಮಾರುವವರು, ನಿಮ್ಮದು ವಾಣಿಜ್ಯ ಬಳಕೆ, ನೀವು ಗ್ರಾಹಕರಲ್ಲ" ಎಂಬುದು. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವುದಕ್ಕಾಗಿಯೇ ಕೊಂಡು ಬಳಸುವ ಮಾಲು ವಾಣಿಜ್ಯ ಉದ್ದೇಶದ್ದಲ್ಲವೆಂದು ಕಾಯಿದೆಯೇ ವಿವರಣೆ ಕೊಟ್ಟಿದೆ. ರಾಷ್ಟ್ರೀಯ ಬೀಜ ನಿಗಮಕ್ಕೂ ಆಂಧ್ರಪ್ರದೇಶದ ರೈತರಿಗೂ ನಡೆದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ, ಬೀಜ ಕೊಂಡ ರೈತರು ಗ್ರಾಹಕರೇ ಎಂದು ತೀರ್ಪಿತ್ತಿದೆ. ಸಣ್ಣ ಬೆಳೆಗಾರರು ಈ ಆಕ್ಷೇಪಣೆಗೆ ಹೆದರಬೇಕಾಗಿಲ್ಲ.

ಕ್ರಮ ಹೀಗಿದೆ. ದೋಷ ಕಂಡ ಕೂಡಲೇ ಫೋಟೋ ತೆಗೆದು, ಅಂಗಡಿಯವರಿಗೂ ತಯಾರಕರಿಗೂ ಬರಹದಲ್ಲಿ ತಿಳಿಸಿ. ಅಂಚೆಯಲ್ಲಿ ಕಳುಹಿಸಿದರೆ ರಶೀದಿ ಇಟ್ಟುಕೊಳ್ಳಿ. ಹಳೆಯ ಶೀಟನ್ನು ಎಸೆಯಬೇಡಿ, ಸುಡಬೇಡಿ, ಅಂಗಡಿಗೆ ಪೂರ್ತಿಯಾಗಿ ಒಪ್ಪಿಸಲೂ ಬೇಡಿ; ಕೇಳಿದರೆ ಒಂದು ತುಂಡು ಕೊಟ್ಟು ರಶೀದಿ ಪಡೆಯಿರಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.

ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಮಾಲಿಗೆ ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದ ದೂರುಗಳೆಲ್ಲ ಅಲ್ಲಿಗೆ ಸೇರಿದವು. 5 ಲಕ್ಷದವರೆಗೆ ಶುಲ್ಕವಿಲ್ಲ. ಕಂಪೆನಿ ಯಾವ ಊರಿನಲ್ಲಿಯೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ವಕೀಲರನ್ನು ಇಡಲೇಬೇಕೆಂದಿಲ್ಲ. ದೋಷವನ್ನು ಪರೀಕ್ಷೆಯಿಂದಲೇ ತಿಳಿಯಬೇಕಾದರೆ ಆಯೋಗವು ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳುಹಿಸುವ ಏರ್ಪಾಡಿದೆ. ಇದರ ಖರ್ಚನ್ನು ಮೊದಲು ದೂರುದಾರರೇ ಕಟ್ಟಬೇಕಾಗಬಹುದು. ದೂರಿನ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹೋಗಬೇಕೆಂಬುದನ್ನು ಮರೆಯಬಾರದು. "ಬರುವ ತಿಂಗಳು ನೋಡೋಣ" ಎಂಬ ಅಂಗಡಿಯ ಮಾತು ಕೇಳುತ್ತ ಈ ಅವಧಿ ಕಳೆದುಬಿಡಬಾರದು.

ಇನ್ನು ಶೀಟಿನೊಂದಿಗೆ ನೆನೆದು ಹಾಳಾದ ಅಡಿಕೆಯ ವಿಷಯ. ಇಂಥ ನಷ್ಟಕ್ಕೆ ಹೊಣೆಯಲ್ಲವೆಂದು ವಾರಂಟಿ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ. ಎದುರು ಪಕ್ಷದ ನಿರ್ಲಕ್ಷ್ಯದಿಂದ ಆದ ನಷ್ಟಕ್ಕೆ ಪರಿಹಾರ ಕೊಡಿಸುವ ಅಧಿಕಾರ ಆಯೋಗಕ್ಕಿದೆ. ಆದರೆ ಎಷ್ಟು ಕಿಲೋ ಹಾಳಾಯಿತು, ಆ ವಾರದ ಧಾರಣೆ ಎಷ್ಟಿತ್ತು, ಕೆಟ್ಟ ಮಾಲು ಎಷ್ಟಕ್ಕೆ ಹೋಯಿತು ಎಂಬುದಕ್ಕೆ ದಾಖಲೆ ಬೇಕು. ಮಾರಾಟದ ಚೀಟಿಗಳನ್ನು ಜೋಪಾನವಾಗಿಡುವ ಅಭ್ಯಾಸ ಇಲ್ಲಿ ಕೈಹಿಡಿಯುತ್ತದೆ.

7. ಸಂಘದ ಮಳಿಗೆಯಲ್ಲಿ ಕೊಂಡಿದ್ದರೆ

ಸಹಕಾರ ಸಂಘದ ಮಳಿಗೆಯಲ್ಲಿ ಕೊಂಡ ಶೀಟಿಗೂ ಇದೇ ನಿಯಮ. ಮಾರಿದವರು ನಾವೇ ಆದಾಗ ನಿಮ್ಮ ದೂರಿಗೆ ಮೊದಲು ಕಿವಿಗೊಡಬೇಕಾದವರೂ ನಾವೇ. ನಮ್ಮದೇ ಸಂಘವೆಂಬ ಸಲಿಗೆಯಿಂದ ಬಿಲ್ಲು ಬೇಡವೆನ್ನುವುದು, ದಾಕ್ಷಿಣ್ಯದಿಂದ ದೂರು ಕೊಡದಿರುವುದು ಎರಡೂ ಸಲ್ಲದು. ಒಂದೇ ಬ್ಯಾಚಿನ ಶೀಟು ಹತ್ತು ಮನೆಗಳಲ್ಲಿ ಹಾಳಾಗಿದ್ದರೆ ಹತ್ತು ಅರ್ಜಿಗಳೂ ಒಟ್ಟಿಗೆ ತಯಾರಕರ ಮೇಜಿಗೆ ಹೋಗಬೇಕು. ಒಂಟಿ ದೂರನ್ನು "ಹೊದಿಸಿದ್ದು ಸರಿಯಿಲ್ಲ" ಎಂದು ತಳ್ಳಿಹಾಕುವುದು ಸುಲಭ. ಹತ್ತು ದೂರುಗಳನ್ನು ಹಾಗೆ ತಳ್ಳಿಹಾಕಲು ಬರುವುದಿಲ್ಲ.

ನೆನಪಿಡಬೇಕಾದ ಅಂಶಗಳು

• ವರ್ಷಗಳ ಸಂಖ್ಯೆ ನೋಡುವ ಮೊದಲು ಪೂರ್ಣ ಬದಲಿಯೋ, ಕಾಲಾನುಪಾತವೋ ಕೇಳಿ.
• ಹೊದಿಸುವ ತಿಂಗಳಲ್ಲಿಯೇ ಕೊಳ್ಳಿ. ತಯಾರಾದ ತಾರೀಖು ನೋಡಿ.
• ತೂಗಿಸಿ ಕೊಳ್ಳಿ, ಮೈಕ್ರಾನ್, ಯು.ವಿ. ಎರಡೂ ಬಿಲ್ಲಿನಲ್ಲಿರಲಿ.
• ಕಾಯುವ ಪೈಪಿಗೆ ಬಿಳಿ ಬಣ್ಣ, ಮೊಳೆ ಬೇಡ, ಗಂಧಕ ದೂರ.
• ಬಿಲ್ಲು, ಕಾರ್ಡು, ಶೀಟಿನ ತುಂಡು, ಫೋಟೋ ಒಂದೇ ಕಡೆ ಇರಲಿ.
• ಹಾಳಾದರೆ ಕೂಡಲೇ ಬರಹದಲ್ಲಿ ತಿಳಿಸಿ. 2 ವರ್ಷದ ಗಡುವು ಮರೆಯಬೇಡಿ.

ಸದಸ್ಯ ಬಂಧುಗಳು ಈ ಹಂಗಾಮಿಗೆ ಶೀಟು ಕೊಳ್ಳುವ ಮೊದಲು, ಮನೆಯಲ್ಲಿರುವ ಹಳೆಯ ವಾರಂಟಿ ಕಾರ್ಡನ್ನು ತೆಗೆದು ಮೇಲಿನ ಆರು ಪ್ರಶ್ನೆಗಳಿಗೆ ಉತ್ತರ ಹುಡುಕಿ ನೋಡಬೇಕಾಗಿ ವಿನಂತಿ. ಉತ್ತರ ಸಿಗದ ಪ್ರಶ್ನೆಯನ್ನು ಅಂಗಡಿಯಲ್ಲಿ, ಹಣ ಎಣಿಸಿ ಕೊಡುವ ಮೊದಲೇ ಕೇಳಬೇಕು.